ಒಂದು ಕಟಾ, ಎರಡು ಪಾಠ

ಬೇರೆ ಬೇರೆ ಗುರುಗಳಲ್ಲಿ ಕರಾಟೆ ಕಲಿಯುತ್ತಿರುವ ಇಬ್ಬರು ಹುಡುಗರು ಒಂದು ದಿನ ನಮ್ಮ ಶಾಲೆಯ ಅಂಗಳದಲ್ಲಿ ವಾದಕ್ಕೆ ನಿಂತಿದ್ದರು. ಒಬ್ಬನು 'ಹೇಯಾನ್ ಎರಡು' ಎಂದು ಮಾಡಿ ತೋರಿಸಿದ ಕಟಾವನ್ನು ಇನ್ನೊಬ್ಬನು 'ಪಿನಾನ್ ಒಂದು' ಎಂದನು. ಸಾಲದೆಂದು, ಅವನು ಕಲಿತುದೇ ತಪ್ಪು ಎಂದುಬಿಟ್ಟನು. "ಯಾರದು ಸರಿ, ಮೇಷ್ಟ್ರೆ?" ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ಕನ್ನಡ ಪಂಡಿತನಾದ ನನಗೆ ಕರಾಟೆ ಬಾರದು. ಆದರೆ ಇಂಥ ಪ್ರಶ್ನೆ ಹೊಸದಲ್ಲ.

ಕಟಾ ಎಂದರೆ ಹೊಡೆತ, ತಡೆ, ಒದೆತಗಳನ್ನು ಗೊತ್ತಾದ ಕ್ರಮದಲ್ಲಿ ಹೆಣೆದ ಸರಣಿ. ಎದುರಾಳಿಯಿರುವನೆಂದು ಭಾವಿಸಿ ಒಬ್ಬನೇ ಮಾಡುವ ಸಾಧನೆ. ಬರೆದಿಡುವ ರೂಢಿ ಕಡಿಮೆಯಿದ್ದ ಓಕಿನಾವಾ ದ್ವೀಪದಲ್ಲಿ ಈ ವಿದ್ಯೆಗೆ ಕಟಾವೇ ಗ್ರಂಥ, ಶಿಷ್ಯನ ಮೈಯೇ ಓಲೆಗರಿ.

ಅಲ್ಲಿನ ಇತೊಸು ಆಂಕೊ ಎಂಬ ಗುರುಗಳು ಕರಾಟೆಯನ್ನು ಶಾಲೆಗಳಿಗೆ ತರಲು ಶ್ರಮಿಸಿದವರು. 1908ರಲ್ಲಿ ಅದರ ಪ್ರಯೋಜನಗಳನ್ನು ಹತ್ತು ಸೂತ್ರಗಳಲ್ಲಿ ಬರೆದರು. ಮಕ್ಕಳಿಗೆ ಒಗ್ಗುವಂತೆ ಐದು ಪಿನಾನ್ ಕಟಾಗಳನ್ನು ಬಳಕೆಗೆ ತಂದವರೂ ಅವರೇ. 1922ರಲ್ಲಿ ಟೋಕಿಯೋಗೆ ಹೋದ ಫುನಾಕೋಶಿ ಗಿಚಿನ್ ಮುಂದೆ ಅವನ್ನು 'ಹೇಯಾನ್' ಎಂದು ಕರೆದರು. ಲಿಪಿ ಒಂದೇ, ಅರ್ಥವೂ ಒಂದೇ, ಶಾಂತಿ. ಓದುವ ಬಗೆ ಮಾತ್ರ ಜಪಾನಿನದು. ಸುಲಭವಾದುದು ಮೊದಲಿರಲೆಂದು ಒಂದು ಎರಡುಗಳ ಸ್ಥಾನವೂ ಅದಲುಬದಲಾಯಿತು. ಇತೊಸು ಅವರ ಇನ್ನೊಬ್ಬ ಶಿಷ್ಯ ಮಬುನಿ ಕೆನ್ವಾ ಸ್ಥಾಪಿಸಿದ ಶಿತೋ ಪಂಥದಲ್ಲಿ ಹಳೆಯ ಹೆಸರೂ ಹಳೆಯ ಕ್ರಮವೂ ಉಳಿದವು.

ಮೈಯಲ್ಲಿಯೂ ಭೇದವುಂಟು. ಫುನಾಕೋಶಿಯವರ ಶೋಟೋಕಾನ್ ಪಂಥದಲ್ಲಿ ಈ ಕಟಾದ ಆರಂಭದ ನಿಲುವು ಉದ್ದ, ಒದೆತ ಪಕ್ಕಕ್ಕೆ. ಶಿತೋದಲ್ಲಿ ನಿಲುವು ಬೆಕ್ಕಿನಂತೆ ಗಿಡ್ಡ, ಒದೆತ ಮುಂದಕ್ಕೆ. ಆದರೆ ಒದೆತದ ಬಳಿಕ ಅಂಗೈಯಂಚಿನ ಮೂರು ತಡೆ, ಆಮೇಲೆ ಬೆರಳ ತುದಿಯ ತಿವಿತ: ಇವು ಎರಡರಲ್ಲಿಯೂ ಅದೇ ಕ್ರಮದಲ್ಲಿ ಬರುತ್ತವೆ.

ಓಲೆಗರಿಗಳನ್ನು ಹೋಲಿಸಿ ಓದುವವರಿಗೆ ಇದು ಪರಿಚಿತ. ಪ್ರತಿಗಳು ಒಪ್ಪುವಲ್ಲಿ ಮೂಲದ ಜಾಡು ಕಾಣುತ್ತದೆ. ಒಪ್ಪದಿರುವಲ್ಲಿ ಯಾವನೋ ಗುರುವಿನ ವಿಚಾರವೋ ಶಿಷ್ಯನ ಮರೆವೋ ಇರುತ್ತದೆ. ಒಂದನ್ನೇ ಸರಿಯೆಂದಿಟ್ಟು ಉಳಿದುದನ್ನು ಸುಟ್ಟರೆ ಮೂಲವನ್ನು ತಿಳಿಯುವ ದಾರಿಯೇ ಮುಚ್ಚಿತು.

ಹುಡುಗರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಕಟಾ ಮಾಡಿಸಿದೆ. ಕೆಲವೆಡೆ ಬೇರೆಯಾದರು, ಮತ್ತೆ ಕೂಡಿಕೊಂಡರು. ಮುಗಿದ ಮೇಲೆ "ಯಾರದು ಸರಿ?" ಎಂದು ಕೇಳಲಿಲ್ಲ. "ನಿಮ್ಮಲ್ಲಿ ಪಕ್ಕಕ್ಕೆ ಏಕೆ ಒದೆಯುತ್ತೀರಿ?" ಎಂದು ಒಬ್ಬನು ಇನ್ನೊಬ್ಬನನ್ನು ಕೇಳಿದನು. ವಿದ್ಯೆ ಮೊದಲಾಗುವುದು ಅಂಥ ಪ್ರಶ್ನೆಯಿಂದಲೇ.