ಹೊಸ ಗಿಟಾರ್, ಹಳೆಯ ತಂತಿ

ಎಲೆಕ್ಟ್ರಿಕ್ ಗಿಟಾರ್ ಕೊಂಡು ಹತ್ತು ದಿನವಾಗಿತ್ತಷ್ಟೆ. ಹುಡುಗ ಅದನ್ನು ತೊಡೆಯ ಮೇಲಿಟ್ಟುಕೊಂಡು, "ಯೂಟ್ಯೂಬ್‌ನಲ್ಲಿ ಇದೇ ಮಾಡೆಲ್ ಗಣಗಣ ಅಂತ ಕೇಳತ್ತೆ ಸರ್, ನಂದು ಮಂಕು. ಗಿಟಾರೇ ಸರಿ ಇಲ್ವಾ?" ಎಂದ. ಒಂದು ಬಿಳಿ ಬಟ್ಟೆಯ ತುಂಡನ್ನು ತಂತಿಯ ಅಡಿಗೆ ತೂರಿಸಿ ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆದೆ. ಬಟ್ಟೆಯ ಮೇಲೆ ಕಂದುಗಪ್ಪು ಗೆರೆ ಬಿತ್ತು. ಬೆರಳಲ್ಲಿ ಸವರಿದರೆ ತಂತಿ ತರಿತರಿ. ಗಿಟಾರ್ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ತಂತಿ.

ಹೊಸ ಗಿಟಾರ್ ಅಂದಮೇಲೆ ತಂತಿಯೂ ಹೊಸದೇ ಎಂಬುದು ಎಲ್ಲರ ಲೆಕ್ಕ. ಆದರೆ ತಂತಿಯ ವಯಸ್ಸನ್ನು ಎಣಿಸಬೇಕಾದ್ದು ಬಿಲ್ ಮಾಡಿಸಿದ ದಿನದಿಂದಲ್ಲ, ಕಾರ್ಖಾನೆಯಲ್ಲಿ ಅದನ್ನು ಬಿಗಿದ ದಿನದಿಂದ. ನಮ್ಮಲ್ಲಿ ಕಲಿಯುವವರು ಕೊಳ್ಳುವ ಗಿಟಾರುಗಳಲ್ಲಿ ಬಹಳಷ್ಟು ಇಂಡೊನೇಷ್ಯಾದಲ್ಲೋ ಚೀನಾದಲ್ಲೋ ತಯಾರಾದವು. ಅಲ್ಲಿಂದ ಹಡಗು, ಇಲ್ಲಿಯ ಗೋದಾಮು, ಆಮೇಲೆ ಅಂಗಡಿಯ ಗೋಡೆ. ಬಂದವರೆಲ್ಲ ಇಳಿಸಿ ಒಂದೆರಡು ಕಾರ್ಡ್ ಹಿಡಿದು ನೋಡುತ್ತಾರೆ. ಅಷ್ಟೂ ಬೆರಳುಗಳ ಬೆವರು ತಂತಿಯ ಮೇಲೆ ಉಳಿಯುತ್ತದೆ.

ಬೆವರು ಏನು ಮಾಡುತ್ತದೆ? ಆರು ತಂತಿಗಳಲ್ಲಿ ಸಣ್ಣ ಮೂರು ಬರಿಯ ಉಕ್ಕಿನವು. ದಪ್ಪ ಮೂರರ ಒಳಗೆ ಉಕ್ಕಿನ ಎಳೆ, ಅದರ ಮೇಲೆ ಸಾಮಾನ್ಯವಾಗಿ ನಿಕ್ಕಲ್ ಲೇಪಿಸಿದ ಉಕ್ಕಿನ ಸುತ್ತು. ಉಪ್ಪಿನಂಶ ಸಣ್ಣ ತಂತಿಗೆ ತುಕ್ಕು ಹಿಡಿಸುತ್ತದೆ. ದಪ್ಪ ತಂತಿಯ ಸುತ್ತುಗಳ ಸಂದಿಯಲ್ಲಿ ಜಿಡ್ಡು, ಚರ್ಮದ ಪುಡಿ ಕೂಡಿಕೊಳ್ಳುತ್ತದೆ. ಸಂದಿ ತುಂಬಿದ ತಂತಿ ಸಲೀಸಾಗಿ ಕಂಪಿಸದು. ಮೂಲ ಸ್ವರದ ಜೊತೆ ಕೇಳಬೇಕಾದ ಮೇಲಿನ ಉಪಸ್ವರಗಳು ಮೊದಲು ಅಡಗುತ್ತವೆ. ಹುಡುಗ ಹೇಳಿದ ಮಂಕು ಅಂದರೆ ಇದೇ. ಇನ್ನೊಂದು ಪೆಟ್ಟು ಫ್ರೆಟ್‌ಗಳಿಂದ. ಒತ್ತಿ ಒತ್ತಿ ತಂತಿಯ ಅಡಿಭಾಗದಲ್ಲಿ ಸಣ್ಣ ಸಣ್ಣ ಕಚ್ಚುಗಳು ಬೀಳುತ್ತವೆ. ತಂತಿಯನ್ನು ಕೆಳಗಿನಿಂದ ಉಗುರಲ್ಲಿ ಗೀರಿದರೆ ಒಂದೊಂದು ಫ್ರೆಟ್‌ನ ಜಾಗದಲ್ಲೂ ಉಗುರು ತಡೆಯುತ್ತದೆ. ಹಾಗಾದ ತಂತಿ ಶ್ರುತಿ ಕೂಡಿಸಿದಾಗ ಸರಿ ಅನಿಸಿದರೂ 12ನೇ ಫ್ರೆಟ್‌ನಲ್ಲಿ ಒತ್ತಿದಾಗ ಅಪಸ್ವರ ಬರಬಹುದು. ತಂತಿ ಬದಲಿಸಿದ ಮೇಲೂ ಹಾಗೇ ಇದ್ದರೆ ಆಗ ಬ್ರಿಡ್ಜ್‌ನ ಸ್ಯಾಡಲ್ ಸರಿಸಬೇಕು.

ಹಾಗಂತ ಮನೆಗೆ ತಂದ ದಿನವೇ ಆರೂ ತಂತಿ ಕಿತ್ತೆಸೆಯಬೇಕು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬಟ್ಟೆಯಲ್ಲಿ ಒರೆಸಿ ನೋಡಿ, ಸವರಿ ನೋಡಿ, ಕೇಳಿ ನೋಡಿ. ನುಣುಪಾಗಿದ್ದು ನಾದ ತುಂಬಿಕೊಂಡಿದ್ದರೆ ನುಡಿಸುತ್ತ ಹೋಗಿ. ತರಿತರಿಯಾಗಿದ್ದರೆ ಮಾತ್ರ ತಡ ಮಾಡಬೇಡಿ. ತುಕ್ಕು ತಂತಿಯ ಮೇಲೆ ಕಲಿಯುವವರ ಬೆರಳು ಬೇಗ ನೋಯುತ್ತದೆ. ತಪ್ಪು ತಮ್ಮದೇ ಅಂದುಕೊಂಡು ಗಿಟಾರನ್ನು ಮೂಲೆಗಿಟ್ಟವರನ್ನು ಕಂಡಿದ್ದೇನೆ, ಬೇಸರವಾಗುತ್ತದೆ.

ಇನ್ನು ಕೆಲವರು ತುಂಡಾಗುವವರೆಗೂ ಕಾಯುತ್ತಾರೆ. ಅಮೆರಿಕದ ಮೋಟೌನ್ ಸಂಗೀತ ಕಂಪನಿಯ ಹೆಸರಾಂತ ಬಾಸ್ ವಾದಕ ಜೇಮ್ಸ್ ಜೇಮರ್‌ಸನ್ ತಂತಿ ಬದಲಿಸುತ್ತಲೇ ಇರಲಿಲ್ಲವಲ್ಲ ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಅದು ನಿಜ. ಆದರೆ ಅವರ ಕೈಯಲ್ಲಿದ್ದದ್ದು ಬಾಸ್ ಗಿಟಾರ್, ಅದಕ್ಕಿದ್ದದ್ದು ನಯವಾದ ಚಪ್ಪಟೆ ಸುತ್ತಿನ ದಪ್ಪ ತಂತಿ, ಅವರಿಗೆ ಬೇಕಿದ್ದದ್ದೂ ಆ ಗುಮ್ಮೆನ್ನುವ ನಾದವೇ. ಆರು ತಂತಿಯ ಎಲೆಕ್ಟ್ರಿಕ್ ಗಿಟಾರಿಗೆ ಆ ಮಾತು ಹೊಂದುವುದಿಲ್ಲ. ಇಲ್ಲಿ ತಂತಿ ತುಂಡಾಗುವ ಎಷ್ಟೋ ಮೊದಲೇ ನಾದ ಸತ್ತಿರುತ್ತದೆ.

ಮೂರು ತಿಂಗಳಿಗೊಮ್ಮೆ ತಂತಿ ಬದಲಿಸಬೇಕು ಎಂಬ ಸೂತ್ರವೂ ಎಲ್ಲರಿಗೂ ಒಂದೇ ಅಲ್ಲ. ಮಳೆಗಾಲದ ಮಂಗಳೂರಿನಲ್ಲಿ, ಬೆವರುವ ಕೈಯಲ್ಲಿ, ದಿನಕ್ಕೆರಡು ಗಂಟೆ ನುಡಿದ ತಂತಿ ತಿಂಗಳೊಳಗೆ ಸೋಲಬಹುದು. ವಿಜಯಪುರದ ಒಣ ಹವೆಯಲ್ಲಿ ವಾರಕ್ಕೊಮ್ಮೆ ಕೈಗೆತ್ತಿಕೊಳ್ಳುವವರ ತಂತಿ ಅದರ ಎರಡು ಮೂರು ಪಟ್ಟು ಕಾಲ ಬಾಳಿದರೆ ಆಶ್ಚರ್ಯವಿಲ್ಲ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಮೇಲೂ ಕೆಳಗೂ ಒರೆಸಿಡುವುದು ಎಲ್ಲ ಊರಿಗೂ ಒಳ್ಳೆಯದು.

ಬದಲಿಸಲು ಕೂತಾಗ ಕಾಡುವ ಹೆದರಿಕೆ ಬೇರೆ: ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ಕುತ್ತಿಗೆ ಬಾಗಿಬಿಡುತ್ತದಂತೆ. ಬಾಗುವುದಿಲ್ಲ. ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುವ ಕುತ್ತಿಗೆಗೆ ಅರ್ಧ ಗಂಟೆ ಬಿಗಿ ತಪ್ಪಿದರೆ ಏನೂ ಆಗದು. ಫ್ರೆಟ್‌ಬೋರ್ಡ್ ಚೊಕ್ಕ ಮಾಡಲು ಅದೇ ಸಮಯ. ಫ್ಲಾಯ್ಡ್ ರೋಸ್‌ನಂಥ ತೇಲುವ ಬ್ರಿಡ್ಜ್ ಇದ್ದರೆ ಮಾತ್ರ ಒಂದೊಂದಾಗಿ ಬದಲಿಸಿ. ಅಲ್ಲಿ ತಂತಿಯ ಎಳೆತಕ್ಕೂ ಹಿಂದಿನ ಸ್ಪ್ರಿಂಗ್‌ಗಳಿಗೂ ಸಮತೂಕ ತಪ್ಪಿದರೆ ಮತ್ತೆ ಕೂಡಿಸುವುದು ತ್ರಾಸು.

ದಪ್ಪ ತಂತಿ ಹಾಕಿದರೆ ನಾದ ದೊಡ್ಡದಾಗುತ್ತದೆ ಎಂಬ ಆಸೆಗೆ ಹೊಸಬರು ಬೀಳಬಾರದು. ಮೊದಲ ಸಲ ಈಗಿರುವ ಅಳತೆಯದ್ದನ್ನೇ ಹಾಕಿ. ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ 9-42 ಎಂಬ ಸೆಟ್ ಸ್ಟ್ರ್ಯಾಟೊಕ್ಯಾಸ್ಟರ್ ಉದ್ದದ ಗಿಟಾರಿನ ಕುತ್ತಿಗೆಯನ್ನು ಒಟ್ಟು ಸುಮಾರು 38 ಕೆಜಿ ಬಲದಲ್ಲಿ ಎಳೆಯುತ್ತದೆ. 10-46 ಹಾಕಿದರೆ ಅದು ಸುಮಾರು 47 ಕೆಜಿ. ಕುತ್ತಿಗೆ ಮುಂದಕ್ಕೆ ಬಾಗಿ, ತಂತಿ ಮೇಲೆದ್ದು, ಒತ್ತುವುದು ಇನ್ನೂ ಕಷ್ಟವಾಗುತ್ತದೆ. ತೆಳು ತಂತಿಯ ಸೆಟ್ ಹುಟ್ಟಿದ್ದರ ಹಿಂದೆಯೂ ಕಲಿಯುವವರ ಬೆರಳಿದೆ. ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಅರ್ನಿ ಬಾಲ್, ಶಿಷ್ಯರು ದಪ್ಪ ಮೂರನೇ ತಂತಿಯ ಜೊತೆ ಹೆಣಗುವುದನ್ನು ನೋಡಿ 1962ರಲ್ಲಿ ಸ್ಲಿಂಕಿ ಸೆಟ್‌ಗಳನ್ನು ತಂದರು.

ಅಕೂಸ್ಟಿಕ್ ಗಿಟಾರಿನ ಕಂಚಿನ ಸುತ್ತಿನ ತಂತಿಯೂ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಕೊಳ್ಳಬೇಡಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಕೆಲಸ ಮಾಡುವುದು ಅಯಸ್ಕಾಂತದಿಂದ. ಕಂಚನ್ನು ಅಯಸ್ಕಾಂತ ಸೆಳೆಯುವುದಿಲ್ಲ, ದಪ್ಪ ತಂತಿಗಳ ದನಿ ಸೊರಗುತ್ತದೆ. ಹೊಸ ತಂತಿ ಮೊದಲ ದಿನ ಶ್ರುತಿ ಇಳಿಯುವುದು ದೋಷವಲ್ಲ. ಕೈಯಿಂದ ಮೆಲ್ಲಗೆ ಎಳೆದು ಮತ್ತೆ ಮತ್ತೆ ಶ್ರುತಿ ಕೂಡಿಸಿ, ನಿಲ್ಲುತ್ತದೆ.

ಆ ಹುಡುಗನ ಗಿಟಾರಿಗೆ 9-42ರ ಹೊಸ ಸೆಟ್ ಹಾಕಿ ಕೊಟ್ಟೆ. ಒಂದು ಇ ಮೇಜರ್ ಹಿಡಿದು ಮೀಟಿದ, ಮುಖ ಅರಳಿತು. ಕೊಂಡ ಗಿಟಾರನ್ನು ವಾಪಸ್ ಕೊಡುವ, ಮಾರಿಬಿಡುವ ಯೋಚನೆ ನಿಮಗೂ ಬಂದಿದ್ದರೆ ಮೊದಲು ತಂತಿ ಬದಲಿಸಿ, ವಾರ ನುಡಿಸಿ, ಆಮೇಲೆ ನಿರ್ಧಾರ ಮಾಡಿ.