ನಿಮಗಿದು ಗೊತ್ತೆ? ಗಾಳಕ್ಕೂ ಸೈ, ನೀರಾಟಕ್ಕೂ ಸೈ
ಅಮ್ಮನಿಗೆ ಗಾಳದ ಹುಚ್ಚು, ಮಕ್ಕಳಿಗೆ ನೀರಾಟದ ಹುಚ್ಚು. ಅಮೆರಿಕದ ಫ್ಲಾರಿಡಾದಲ್ಲಿ ಇಂಥ ಮನೆಯವರ ಕಣ್ಣು ಬೀಳುವುದು ‘ಡ್ಯುಯಲ್ ಕನ್ಸೋಲ್’ ದೋಣಿಯ ಮೇಲೆ.

ಮೀನುಗಾರರ ಮೆಚ್ಚಿನ ಸೆಂಟರ್ ಕನ್ಸೋಲ್ ದೋಣಿಯಲ್ಲಿ ಚುಕ್ಕಾಣಿ ನಟ್ಟನಡುವೆ ಇರುತ್ತದೆ. ಸುತ್ತಲೂ ಓಡಾಡಿ ಗಾಳ ಹಾಕಬಹುದು. ಆದರೆ ಗಾಳಿ, ಉಪ್ಪುನೀರು ನೇರ ಮುಖಕ್ಕೇ. ಡ್ಯುಯಲ್ ಕನ್ಸೋಲ್‌ನಲ್ಲಿ ಎಡಬಲಕ್ಕೆ ಎರಡು ಕಟ್ಟೆ, ಮುಂದೆ ಅಗಲವಾದ ಗಾಜು, ನಡುವೆ ದೋಣಿಯ ಮೂತಿಗೆ ಹೋಗುವ ದಾರಿ. ಹಲವು ಮಾದರಿಗಳಲ್ಲಿ ಎಡಗಟ್ಟೆಯೊಳಗೆ ಪುಟ್ಟ ಶೌಚಾಲಯವೂ ಉಂಟು. ಪುಟ್ಟ ಮಕ್ಕಳಿದ್ದರೆ ತಕ್ಕಡಿ ವಾಲುವುದು ಬಹುಶಃ ಇಲ್ಲೇ!

ತಳ ನೋಡದೆ ದುಡ್ಡು ಕೊಡಬಾರದು. ಆಳವಾದ ‘ವಿ’ ಆಕಾರದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ನಿಂತಾಗ ಮಾತ್ರ ಹೆಚ್ಚು ಓಲಾಡುತ್ತದೆ. ದೋಣಿ ವಿನ್ಯಾಸಕ ರೇ ಹಂಟ್ ರೂಪಿಸಿದ ‘ಮೊಪ್ಪಿ’ ದೋಣಿ 1960ರ ಮಯಾಮಿ–ನಸ್ಸಾವ್ ರೇಸ್ ಗೆದ್ದ ಮೇಲೆ ಈ ತಳ ಮನೆಮಾತಾಯಿತು.

ನೀರಾಟದ ವಿಷಯಕ್ಕೆ ಬಂದರೆ, ನೀರಿನ ಮೇಲಿನ ಸ್ಕೀಯಿಂಗ್ ಈ ತಳಕ್ಕಿಂತಲೂ ಹಳೆಯದು. ಮಿನೆಸೋಟದ ರಾಲ್ಫ್ ಸ್ಯಾಮುಯೆಲ್ಸನ್ 1922ರಲ್ಲಿ ಪೆಪಿನ್ ಸರೋವರದಲ್ಲಿ ಹಲಗೆ ಕಟ್ಟಿಕೊಂಡು ಜಾರಿದ್ದ. ಹಗ್ಗದಿಂದ ಎಳೆಯುವ ಇಂಥ ಆಟಗಳಿಗೆ ಡ್ಯುಯಲ್ ಕನ್ಸೋಲ್ ಒಗ್ಗುತ್ತದೆ. ಆದರೆ ದೋಣಿಯ ಬೆನ್ನಿಗೇ ಅದರ ಅಲೆಯ ಮೇಲೆ ಜಾರುವ ವೇಕ್‌ಸರ್ಫಿಂಗ್‌ಗೆ ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿರುವ ಔಟ್‌ಬೋರ್ಡ್ ಎಂಜಿನ್ ಸಲ್ಲದು. ಪ್ರೊಪೆಲ್ಲರ್ ತಿರುಗುವುದು ದೋಣಿಯ ಬೆನ್ನಲ್ಲೇ.

26 ಅಡಿಗಿಂತ ಚಿಕ್ಕ ದೋಣಿಯ ಚಾಲಕರು ವೇಗವಾಗಿ ಸಾಗುವಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರವನ್ನು ಮೈಗೆ ಕಟ್ಟಿಕೊಳ್ಳಬೇಕೆಂಬ ನಿಯಮ ಅಮೆರಿಕದಲ್ಲಿ 2021ರ ಏಪ್ರಿಲ್ 1ರಂದು ಜಾರಿಗೆ ಬಂತು. ಇನ್ನು ಫ್ಲಾರಿಡಾದಲ್ಲಿ ಸ್ಕೀಯರ್‌ನನ್ನು ಎಳೆಯುವಾಗ ಅವನ ಮೇಲೆ ಕಣ್ಣಿಡಲು ಇನ್ನೊಬ್ಬರು ಇರಬೇಕು, ಇಲ್ಲವೇ ಅಗಲ ನೋಟದ ಕನ್ನಡಿ ಬೇಕು. ಎಡಗಡೆಯ ಆಸನ ಹಿಂದಕ್ಕೆ ತಿರುಗುವಂತಿದ್ದರೆ ಆ ಕಾವಲು ಅಜ್ಜಿಗೇ ವಹಿಸಬಹುದು.