ಬಿರುಕನ್ನು ಮುಚ್ಚಬೇಡಿ, ಬೆಸೆಯಿರಿ

ನಿಮ್ಮ ಮನೆಯ ಹಿತ್ತಿಲಿನಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಬೈಕೊಂದು ಧೂಳು ತಿನ್ನುತ್ತಾ ನಿಂತಿದೆಯೇ? ಗುಜರಿಯವನು ಬಂದಾಗಲೆಲ್ಲ ‘ಕೊಟ್ಟು ಕಳಿಸಿ’ ಎಂದು ಮನೆಯವರೂ, ‘ಅದು ಅಬ್ಬಾಜಾನರ ಗಾಡಿ’ ಎಂದು ನೀವೂ ವಾದಿಸುತ್ತಿದ್ದೀರಾ? ಹಾಗಾದರೆ ಈ ನಾಲ್ಕು ಮಾತು ನಿಮಗಾಗಿ.

ಈ ಗಾಡಿಗಳು ನಮ್ಮ ನಾಡಿನಲ್ಲೇ ಹುಟ್ಟಿದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರ ಹೊತ್ತಿಗೆ ಜೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ ಜಾವಾ ಬೈಕುಗಳು ತಯಾರಾಗತೊಡಗಿದವು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿತೇನೋ ನಿಜ. ಆದರೆ ಹಳೆಯದು ಟೂ ಸ್ಟ್ರೋಕ್ ಎಂಜಿನ್, ಹೊಸದು ಫೋರ್ ಸ್ಟ್ರೋಕ್. ಹೊಸದರ ಎಂಜಿನ್ ಭಾಗ ಹಳೆಯದಕ್ಕೆ ಕೂರುವುದಿಲ್ಲ. ಆದ್ದರಿಂದ ಹಳೆಯ ಗಾಡಿಯ ಅಲ್ಯೂಮಿನಿಯಂ ಕವರು ಒಡೆದರೆ ಸಾಮಾನ್ಯವಾಗಿ ಎರಡು ದಾರಿ: ಗುಜರಿಯಲ್ಲಿ ಇನ್ನೊಂದನ್ನು ಹುಡುಕುವುದು, ಇಲ್ಲವೇ ಇದನ್ನೇ ದುರಸ್ತಿ ಮಾಡಿಸುವುದು.

ನನ್ನ ತಂದೆಯವರ ಯೆಜ್ಡಿ ಒಮ್ಮೆ ಮಗ್ಗುಲಿಗೆ ಬಿದ್ದು ಎಂಜಿನ್ನಿನ ಕವರು ಸೀಳಿತು. ಒಬ್ಬ ಮೆಕ್ಯಾನಿಕ್ ಬಿರುಕಿಗೆ ಅಂಟು ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಬಳಿದುಕೊಟ್ಟ. ನೋಡಲು ಹೊಸದರಂತೆ ಇತ್ತು. ಅದೇ ವಾರ ಹಳೆಯ ಗಾಡಿಗಳ ಪ್ರೇಮಿಯೊಬ್ಬರು ಬಂದು ಒಳ್ಳೆಯ ಬೆಲೆ ಹೇಳಿದರು. ಮನೆಯಲ್ಲಿ ಹಣದ ಅಗತ್ಯವಿತ್ತು. ‘ಸರಿ’ ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು.

ಆಗ ನೆನಪಾದದ್ದು ನಾನೇ ಮಕ್ಕಳಿಗೆ ಪ್ರತಿ ವರ್ಷ ಕಲಿಸುವ ಆ ಘಟನೆ. ಪ್ರವಾದಿ(ಸ)ಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ಕಂಡಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದ ಅವರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ನನ್ನ ಬೆಳ್ಳಿ ಬಣ್ಣದ ಕೆಳಗಿದ್ದದ್ದೂ ಅದೇ ತೇವವಲ್ಲವೇ? ಇದ್ದುದನ್ನು ಇದ್ದಂತೆ ಹೇಳಿದೆ. ಅವರು ಸಲಾಮ್ ಹೇಳಿ ಹೊರಟುಹೋದರು. ತಿಂಗಳೊಪ್ಪತ್ತಿನಲ್ಲಿ ಎಂಜಿನ್ನಿನ ಬಿಸಿಗೆ ಅಂಟು ಸಡಿಲಿತು, ಆಯಿಲ್ ಜಿನುಗಿತು.

ಕೈಗಳು ಉಳಿದಿವೆ

ನಮ್ಮ ಕುಮಾರಪಟ್ಟಣ ಕಾರ್ಖಾನೆಯಿಂದ ಬೆಳೆದ ಊರು. ತುಂಗಭದ್ರೆಯ ಈಚೆ ದಡದಲ್ಲಿ ಪಾಲಿಫೈಬರ್ಸ್. ಆಚೆ ದಡದ ಹರಿಹರದಲ್ಲಿ, 1941ರಲ್ಲಿ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್. ಅದು ಮುಚ್ಚಿದೆ, ಆದರೆ ಯಂತ್ರದೊಡನೆ ಪಳಗಿದ ಕೈಗಳು ಎರಡೂ ದಡದ ಸಣ್ಣಪುಟ್ಟ ಶೆಡ್ಡುಗಳಲ್ಲಿ ಇನ್ನೂ ಸಿಗುತ್ತವೆ. ಅಂಥ ಒಬ್ಬ ಹಿರಿಯ ವೆಲ್ಡರ್ ಬಳಿ ಕವರನ್ನು ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ, “ಹಚ್ಚೂದು ಹತ್ತು ನಿಮಿಷದ ಕೆಲಸರೀ ಮಾಸ್ತರ್ರ, ತೊಳಿಯೂದು ಒಂದ್ ದಿನದ್ದು” ಎಂದರು.

ಕೆಂಪಾಗದ ಲೋಹ

ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಬಣ್ಣ ಬದಲಿಸದೆ, ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿ ಕುಸಿಯುತ್ತದೆ. ಎಂಜಿನ್ನಿಗೆ ಬಳಸುವ ಮಿಶ್ರಲೋಹ ಇನ್ನೂ ಕಡಿಮೆ ಬಿಸಿಗೇ ಕರಗುತ್ತದೆ. ಇನ್ನೊಂದು ಸೋಜಿಗ: ಗಾಳಿ ತಾಗಿದೊಡನೆ ಅದರ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಪೊರೆ ತೆಗೆಯದೆ ಬೆಸೆಯಹೊರಟರೆ ಒಳಗಿನ ಲೋಹ ನೀರಾದರೂ ಎರಡು ಅಂಚುಗಳು ಕೂಡುವುದಿಲ್ಲ. ಸಾಲದ್ದಕ್ಕೆ ಹಳೆಯ ಎರಕದ ಸೂಕ್ಷ್ಮ ರಂಧ್ರಗಳಲ್ಲಿ ದಶಕಗಳ ಆಯಿಲ್ ಸೇರಿರುತ್ತದೆ.

ಆದ್ದರಿಂದ ಕೆಲಸಕ್ಕೆ ಕೊಡುವಾಗ ಈ ಕ್ರಮ ನೆನಪಿಡಿ. ಬೇರಿಂಗು, ಆಯಿಲ್ ಸೀಲುಗಳನ್ನು ಮೊದಲು ಬಿಚ್ಚಿಸಿ. ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿನೀರು ಸೋಪಿನಲ್ಲಿ ಉಜ್ಜಿ ಒಣಗಿಸಿ. ಕಾಸ್ಟಿಕ್ ಸೋಡಾ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಕ್ಲೋರಿನ್ ಇರುವ ಸ್ವಚ್ಛಕಗಳೂ ಬೇಡ, ವೆಲ್ಡಿಂಗ್‌ನ ಕಿಡಿಗೆ ಅದರ ಆವಿ ವಿಷಾನಿಲವಾಗುತ್ತದೆ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಉದ್ದವಿರುತ್ತದೆ. ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಕಡ್ಡಿಯ ಪುಡಿ ಉದುರಿಸಿದರೆ ಒಳಗಿನ ಎಣ್ಣೆ ಮೇಲೆದ್ದು ಗೆರೆ ಎಲ್ಲಿಯವರೆಗೆ ಹೋಗಿದೆಯೆಂದು ತೋರಿಸುತ್ತದೆ. ಆ ಗೆರೆಯ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ.

ಆಮೇಲೆ ಬಿರುಕನ್ನು ‘ವಿ’ ಆಕಾರದಲ್ಲಿ ಅಗಲಿಸಬೇಕು. ಹೌದು, ಕೂಡಿಸುವ ಮೊದಲು ಇನ್ನಷ್ಟು ತೆರೆಯಬೇಕು! ನಿಧಾನವಾಗಿ ಕಾಸಿದರೆ ಒಳಗಿನ ಆಯಿಲ್ ಬೆವರಿನಂತೆ ಹೊರಬರುತ್ತದೆ. ಒರೆಸಿ ಮತ್ತೆ ಕಾಸಬೇಕು. ಬೇರೆ ಲೋಹಕ್ಕೆ ಬಳಸದ ಸ್ಟೀಲ್ ಬ್ರಷ್ಷಿನಿಂದ ಪೊರೆ ಉಜ್ಜಬೇಕು. ಇದಕ್ಕೆ ತಕ್ಕದ್ದು ಎಸಿ ವಿದ್ಯುತ್ತಿನ ಟಿಗ್ ವೆಲ್ಡಿಂಗ್. ಅದರ ವಿದ್ಯುತ್ ಒಂದು ದಿಕ್ಕಿಗೆ ಹರಿದಾಗ ಪೊರೆ ಒಡೆಯುತ್ತದೆ, ಇನ್ನೊಂದು ದಿಕ್ಕಿಗೆ ಹರಿದಾಗ ಲೋಹ ಕರಗುತ್ತದೆ, ಆರ್ಗಾನ್ ಅನಿಲ ಗಾಳಿಯನ್ನು ತಡೆಯುತ್ತದೆ. ಕವರು ಸೊಟ್ಟಗಾಗದಂತೆ ದಪ್ಪ ತಗಡಿಗೆ ಬೋಲ್ಟ್ ಬಿಗಿದು ಸ್ವಲ್ಪ ಸ್ವಲ್ಪವೇ ಬೆಸೆದು, ಒಣ ಮರಳಿನಲ್ಲಿ ಹೂತು ತಣಿಸುತ್ತಾರೆ. ನೀರು ಸುರಿಯಲು ಬಿಡಬೇಡಿ. ಕೊನೆಗೆ ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಕವರಿನ ಅಂಚು ಸಮತಟ್ಟಾಗುವವರೆಗೆ ಉಜ್ಜಿಸಿ. ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಹೊರಮೈ ಒಣಗಿದ್ದರೆ ಬೆಸುಗೆ ಗೆದ್ದಿತು. ಬಿರುಕು ಬೇರಿಂಗ್ ಕೂರುವ ಜಾಗವನ್ನು ದಾಟಿದ್ದರೆ ಮಾತ್ರ ಬರೀ ಬೆಸುಗೆ ಸಾಲದು. ಲೇತ್‌ನಲ್ಲಿ ಅಳತೆ ಕೂರಿಸಲೇಬೇಕು.

ಸೂರಃ ಸಬಅ್‌ನಲ್ಲಿ ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ಪ್ರಸ್ತಾಪವಿದೆ. ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆದೇಶವೂ ಅಲ್ಲೇ ಇದೆ. ಕೈಗೆ ಮಸಿ ಹತ್ತುವ ಕೆಲಸವನ್ನು ಕೀಳೆಂದು ಮಕ್ಕಳ ಮುಂದೆ ಆಡುವ ಮೊದಲು ನಾವು ಇದನ್ನು ನೆನೆಯಬೇಕು.

ನಮ್ಮ ಕವರಿನ ಮೇಲೆ ಈಗ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಬಣ್ಣ ಬಳಿಯಲೇ ಎಂದು ಆ ಹಿರಿಯರು ಕೇಳಿದಾಗ ಬೇಡವೆಂದೆ. ಮನೆಯ ಸಂಬಂಧಗಳಲ್ಲೂ ನಾವು ಎಷ್ಟೋ ಬಿರುಕುಗಳಿಗೆ ಬಣ್ಣ ಬಳಿದು ಸುಮ್ಮನಾಗುತ್ತೇವೆ. ತೆರೆದು, ತೊಳೆದು, ಕಾಸಿ ಬೆಸೆಯುವ ತಾಳ್ಮೆ ನಮಗಿರುವುದಿಲ್ಲ. ನಿಮ್ಮ ಹಿತ್ತಿಲಿನ ಗಾಡಿಯನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಒಳ್ಳೆಯ ಕೈಗೆ ತೋರಿಸಿ. ಮುಂದೆಂದಾದರೂ ಮಾರಿದರೆ, ಬೆಸುಗೆಯ ಆ ಗೆರೆಯ ಮೇಲೆ ನೀವೇ ಬೆರಳಿಟ್ಟು ತೋರಿಸಿ.